ಮೊಸಳೆಗೆ ಹಲ್ಲು ಬರುವ ಮುನ್ನ



ನನ್ನ ಮಾತು ಶಿಶುಶಿಕ್ಷಣದ ಬಗ್ಗೆ. ಹಾಗಾಗಿ ಮಣ್ಣಿನಿಂದಲೇ ಶುರು ಮಾಡುತ್ತೇನೆ. ನಮ್ಮ ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತೇವೆ, ಆಷಾಢದ ಮಂಗಳವಾರ ಗುಳ್ಳವ್ವನನ್ನು ಕೂಡ್ರಿಸುತ್ತೇವೆ. ಮಕ್ಕಳ ಕೈಗೆ ಹಸಿಮಣ್ಣು ಕೊಡುವ ಹಬ್ಬಗಳಿವು. ಉಳಿದ ದಿನ ಅದೇ ಮಣ್ಣು ಮುಟ್ಟಿದರೆ ಬೈಗುಳ. ಅಂಗನವಾಡಿಯ ಆಟಿಕೆಗಳೂ ಎಷ್ಟೋ ಕಡೆ ಕಪಾಟು ಸೇರಿರುತ್ತವೆ. ಮುರಿದರೆ ಲೆಕ್ಕ ಯಾರು ಕೊಡಬೇಕು?

ಒಂದು ಅಂಗನವಾಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಮಾವಾಸ್ಯೆ ಮುಗಿದು ಉಳಿದ ಮಣ್ಣನ್ನು ಕಾರ್ಯಕರ್ತೆ ಮಕ್ಕಳ ನಡುವೆ ಇಟ್ಟಿದ್ದರು. ಒಬ್ಬ ಎತ್ತು ಮಾಡಿ, "ಇದಕ್ಕ ನೀರಡಿಕಿ ಆಗೇತ್ರಿ" ಅಂದ. ಇನ್ನೊಬ್ಬ ಮಣ್ಣಿನಲ್ಲಿ ಹೆಬ್ಬೆರಳು ಒತ್ತಿ ಕೆರೆ ತೋಡಿ, ನೀರು ಹನಿಸಿದ. ಬದಿಯ ಹುಡುಗಿ ಉದ್ದನೆಯ ಮುದ್ದೆಯೊಂದನ್ನು ಕೆರೆಗೆ ಬಿಟ್ಟು, "ಮೊಸಳಿ ಬಂತು" ಎಂದಳು. ಎತ್ತನ್ನು ತಿಂದುಬಿಟ್ಟಿತೇ ಎಂದು ಕಾರ್ಯಕರ್ತೆ ಕೇಳಿದರು. "ಇಲ್ರಿ, ಅದಕ್ಕ ಇನ್ನೂ ಹಲ್ಲು ಬಂದಿಲ್ಲ!" ನಿಜ, ಮುದ್ದೆಗೆ ಹಲ್ಲು ಮಾಡಿರಲಿಲ್ಲ. ಅಷ್ಟರಲ್ಲಿ ಮತ್ತೊಬ್ಬ ಕಸಬರಿಗೆಯ ಕಡ್ಡಿ ಮುರಿದು ತಂದ. ಎತ್ತಿನ ಮಾಲೀಕ ಗಾಬರಿಯಾಗಿ ತನ್ನ ಎತ್ತನ್ನು ಎತ್ತಿಕೊಂಡು ಓಡಿದ.

ಇಲ್ಲಿ ಕಥೆ ಹೇಳಿದವರು ಯಾರು? ಮುಂದೇನಾಗಬೇಕೆಂದು ಮಣ್ಣೂ ಕಡ್ಡಿಯೂ ಸೂಚಿಸುತ್ತಿದ್ದವು, ಮಕ್ಕಳು ಒಬ್ಬರ ಮಾತಿಗೆ ಒಬ್ಬರು ಎಳೆ ಜೋಡಿಸುತ್ತಿದ್ದರು. ಕಾರ್ಯಕರ್ತೆ ಕೇಳಿದ್ದು ಒಂದೇ ಪ್ರಶ್ನೆ. ಜಾಣೆ! ನಮ್ಮಲ್ಲಿ ಬಹಳಷ್ಟು ಜನ ಅಷ್ಟು ಹೊತ್ತಿಗೆ ಮೊಸಳೆ ಮತ್ತು ಮಂಗನ ಕಥೆ ಹೇಳಿ ನೀತಿಯನ್ನೂ ಮುಗಿಸಿರುತ್ತಿದ್ದೆವು.

ಮಾರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ ಶಿಶುಮಂದಿರ ತೆರೆದು ಬೆರಳಿಗೆ, ಕಣ್ಣಿಗೆ, ಕಿವಿಗೆ ಕೆಲಸ ಕೊಟ್ಟರು. ಕಟ್ಟುಕಥೆಗಳತ್ತ ಅವರಿಗೆ ಒಲವು ಕಡಿಮೆ. ವಕೀಲಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದಾಗ ಮಾಂಟೆಸರಿಯಿಂದ ಕಲಿತರೂ ಕಥೆಯನ್ನು ಬಿಡಲಿಲ್ಲ. ಶಿಕಾಗೋದ ಶಿಕ್ಷಕಿ ವಿವಿಯನ್ ಗಸಿನ್ ಪೇಲಿ (1929–2019) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಮಗು ಹೇಳಿದ ಕಥೆಯನ್ನು ಅದರ ಮಾತಿನಲ್ಲೇ ಬರೆದುಕೊಂಡು, ತರಗತಿಯ ಮಕ್ಕಳಿಂದ ಅಭಿನಯ ಮಾಡಿಸುತ್ತಿದ್ದರು. ಕಥೆ ಎರಡೇ ಸಾಲಿದ್ದರೂ ಸರಿ. ತನ್ನ ಪಾತ್ರವನ್ನು ಕಥೆಗಾರನೇ ಆರಿಸಿಕೊಳ್ಳುತ್ತಿದ್ದ.

ನಮಗೆ ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಬುಟ್ಟಿ ಮಣ್ಣು. "ಆಗೇತಿ" ಅಂದದ್ದನ್ನು "ಆಗಿದೆ" ಎಂದು ತಿದ್ದಬಾರದು. ಓದಿ ಹೇಳಿದಾಗ ಮಗುವಿಗೆ ತನ್ನ ದನಿಯೇ ಕೇಳಬೇಕು. ಮಣ್ಣಿನ ಬದಲು ಬಣ್ಣ ಹಚ್ಚಿದ ಅಕ್ಕಿಯಲ್ಲಿ ಆಡಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಕಾಳು ಚೆಲ್ಲಿದರೆ ಅಜ್ಜಿಯಂದಿರು ಸುಮ್ಮನಿರುವುದಿಲ್ಲ, ಅವರದು ತಪ್ಪೂ ಅಲ್ಲ. ಮರಳು, ನೀರು, ಜೋಳದ ದಂಟು ಧಾರಾಳ ಸಾಕು. ಮೂಗಿಗೆ, ಬಾಯಿಗೆ ಹಾಕಿಕೊಳ್ಳುವ ಪುಟಾಣಿಗಳಿದ್ದಲ್ಲಿ ಹುಣಸೆಬೀಜ, ಗುಂಡುಮಣಿ ಬೇಡವೇ ಬೇಡ.

ತಾಯಂದಿರು ಮಾತ್ರ ಕೇಳಿಯೇ ಕೇಳುತ್ತಾರೆ: "ಬರೆಯೋದು ಯಾವಾಗ ಕಲಿಸ್ತೀರಿ?" ಮಣ್ಣು ಚಿವುಟುವ ಬೆರಳಿಗೇ ನಾಳೆ ಪೆನ್ಸಿಲ್ ಹಿಡಿಯುವ ಬಲ ಬರುತ್ತದೆ ಎಂದು ಹೇಳಿ. ಅಷ್ಟಕ್ಕೆ ಸಮಾಧಾನವಾಗದಿದ್ದರೆ ಆ ನೋಟ್‌ಬುಕ್ಕು ತೆರೆದು, ಅವರ ಮಗು ಹೇಳಿದ ಕಥೆಯನ್ನು ಅವರೆದುರೇ ಗಟ್ಟಿಯಾಗಿ ಓದಿ.