ಚೆಂಬಿನ ಬಾಯಿ ದುಂಡಗಿದೆಯೇ?

ಮಡಿಕೇರಿಯಿಂದ ಸುಳ್ಯದ ಕಡೆಗೆ ಘಟ್ಟ ಇಳಿಯುವಾಗ ಕೊಡಗಿನ ಅಂಚಿನಲ್ಲಿ ಸಿಗುವ ಊರು ಸಂಪಾಜೆ. ಪಯಸ್ವಿನಿ ಹೊಳೆ, ಅಡಿಕೆ ಮತ್ತು ರಬ್ಬರ್ ತೋಟಗಳು, ಅವುಗಳ ಹಿಂದೆ ಕಾಡು ಹೊದ್ದ ಗುಡ್ಡಗಳು. ಅಲ್ಲಿನ ಮಕ್ಕಳಿಗೆ ಒಮ್ಮೆ ಹಾಳೆ ಕೊಟ್ಟು, "ನಿಮ್ಮ ಊರಿನ ಚಿತ್ರ ಬರೆಯಿರಿ" ಎಂದೆ. ಹೆಚ್ಚಿನವರು ಏನು ಬರೆದರು ಗೊತ್ತೇ? ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಮೇಲೆ ನಾಲ್ಕು ಹಕ್ಕಿ, ಕೆಳಗೊಂದು ತೆಂಗಿನ ಮರ. ನಿಜವಾದ ಗುಡ್ಡ ಕಿಟಕಿಯ ಆಚೆಗೇ ನಿಂತಿತ್ತು. ಅದರ ಕಡೆಗೆ ಯಾರೂ ತಿರುಗಿ ನೋಡಿರಲಿಲ್ಲ.

ಇದು ಆ ಮಕ್ಕಳೊಬ್ಬರದೇ ಮಾತಲ್ಲ. ಕಣ್ಣಿಗೆ ಕಾಣುವುದನ್ನು ಬಿಟ್ಟು, ತಲೆಯಲ್ಲಿ ಮೊದಲೇ ಕುಳಿತದ್ದನ್ನು ಬರೆಯುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. "ನನಗೆ ಚಿತ್ರ ಬರುವುದಿಲ್ಲ ಸಾರ್" ಎನ್ನುವವರಿಗೆ ನಾನು ಹೇಳುವುದಿಷ್ಟೆ: ನೀವು ಕನ್ನಡದ 'ಖ', 'ಳ', 'ಠ' ಅಕ್ಷರಗಳನ್ನು ದುಂಡಗೆ ಬರೆಯಬಲ್ಲಿರಾದರೆ ನಿಮ್ಮ ಕೈಯಲ್ಲಿ ಯಾವ ಕೊರತೆಯೂ ಇಲ್ಲ. ಪಳಗಬೇಕಾದದ್ದು ಕಣ್ಣು.

ಅದಕ್ಕೆ ಮನೆಯ ಒಂದು ಸಾಮಾನು ಸಾಕು. ಚೆಂಬನ್ನೇ ತೆಗೆದುಕೊಳ್ಳೋಣ. ಸಂಪಾಜೆಯ ನೆರೆಯಲ್ಲಿ ಚೆಂಬು ಎಂಬ ಹೆಸರಿನ ಗ್ರಾಮವೇ ಇದೆ. ಕೆಲವು ಕಡೆ ಇದನ್ನೇ ಚೊಂಬು, ತಂಬಿಗೆ ಎನ್ನುತ್ತಾರೆ.

ಬರೆಯುವ ಮೊದಲು ಒಂದು ಪ್ರಯೋಗ. ಚೆಂಬನ್ನು ಎತ್ತಿ, ಅದರ ಬಾಯಿ ನಿಮ್ಮ ಕಣ್ಣಿನ ನೇರಕ್ಕೆ ಬರುವಂತೆ ಹಿಡಿಯಿರಿ. ಬಾಯಿ ಒಂದು ಅಡ್ಡಗೆರೆಯಂತೆ ಕಾಣುತ್ತದೆ. ಮೆಲ್ಲನೆ ಕೆಳಗಿಳಿಸಿ. ಗೆರೆ ತೆರೆದುಕೊಂಡು ಚಪ್ಪಟೆ ಮೊಟ್ಟೆಯ ಆಕಾರವಾಗುತ್ತದೆ. ನೆಲದ ಮೇಲಿಟ್ಟು ನೇರ ಮೇಲಿನಿಂದ ನೋಡಿದರೆ ಮಾತ್ರ ಪೂರ್ತಿ ದುಂಡು. ಚೆಂಬಿನ ಬಾಯಿ ದುಂಡಗಿದೆ ಎಂಬುದು ನಮಗೆ ಗೊತ್ತಿರುವ ಸಂಗತಿ. ಎದುರಿಗೆ ಕಾಣುತ್ತಿರುವುದು ದೀರ್ಘವೃತ್ತ. ಚಿತ್ರ ಬರೆಯುವವನು ಕಂಡದ್ದಕ್ಕೆ ನಿಷ್ಠನಾಗಿರಬೇಕು.

ಈಗ ಚೆಂಬನ್ನು ಮೇಜಿನ ಮೇಲೆ, ಕಣ್ಣಿಗಿಂತ ಸ್ವಲ್ಪ ಕೆಳಗೆ ಇಡಿ. ಬೆಳಕು ಒಂದೇ ಪಕ್ಕದಿಂದ, ಕಿಟಕಿಯಿಂದಲೋ ಬಾಗಿಲಿನಿಂದಲೋ ಬರಲಿ. ಒಂದು ಎಚ್‌.ಬಿ. ಪೆನ್ಸಿಲ್ ಸಾಕು. ತೋಳನ್ನು ಪೂರ್ತಿ ಚಾಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಚೆಂಬಿನ ಎತ್ತರವನ್ನು ಹೆಬ್ಬೆರಳಿನಿಂದ ಗುರುತು ಮಾಡಿ. ಆಮೇಲೆ ಪೆನ್ಸಿಲನ್ನು ಅಡ್ಡ ತಿರುಗಿಸಿ ಹೊಟ್ಟೆಯ ಅಗಲವನ್ನು ಅಳೆಯಿರಿ. ಎತ್ತರ ಹೆಚ್ಚೋ, ಅಗಲ ಹೆಚ್ಚೋ? ಎಷ್ಟು ಹೆಚ್ಚು? ಆ ಪ್ರಮಾಣದಲ್ಲಿ ಹಾಳೆಯ ಮೇಲೆ ತೆಳುವಾಗಿ ಒಂದು ಚೌಕಟ್ಟು ಹಾಕಿ, ನಡುವೆ ಒಂದು ಲಂಬಗೆರೆ ಎಳೆಯಿರಿ. ಬಾಯಿ, ಕತ್ತು, ಹೊಟ್ಟೆ, ತಳ ಎಲ್ಲೆಲ್ಲಿ ಬರುತ್ತವೆಂದು ಆ ಗೆರೆಯ ಮೇಲೆ ಗುರುತಿಸಿ. ಹೊಟ್ಟೆಯ ಒಂದು ಪಕ್ಕವನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಎರಡನ್ನೂ ಜೊತೆಗೇ ಬೆಳೆಸಿ.

ಹೊಸಬರು ಎಡವುವ ಜಾಗಗಳು ಎರಡು. ಒಂದು, ಬಾಯಿಯ ಎರಡು ತುದಿಗಳನ್ನು ಮೀನಿನ ಬಾಲದಂತೆ ಚೂಪು ಮಾಡುವುದು. ದೀರ್ಘವೃತ್ತಕ್ಕೆ ಮೂಲೆ ಇರುವುದಿಲ್ಲ, ಅದು ತುದಿಯಲ್ಲೂ ಬಳಸಿಕೊಂಡೇ ತಿರುಗುತ್ತದೆ. ಎರಡು, ತಳಕ್ಕೆ ನೇರಗೆರೆ ಎಳೆದುಬಿಡುವುದು. ಮೇಜು ಸಮವಾಗಿದೆ, ಚೆಂಬು ಅದರ ಮೇಲೆ ಕೂತಿದೆ, ಆದ್ದರಿಂದ ತಳ ನೇರ ಎಂದು ಬುದ್ಧಿ ಹೇಳುತ್ತದೆ. ಕಣ್ಣನ್ನು ಕೇಳಿ: ತಳ ಬಾಯಿಗಿಂತಲೂ ಕೆಳಗಿರುವುದರಿಂದ ಅದರ ಬಾಗು ಇನ್ನೂ ಹೆಚ್ಚು. ಚಿತ್ರ ಎಲ್ಲೋ ಸೊಟ್ಟಗಿದೆ ಎನ್ನಿಸಿದರೆ ಹಾಳೆಯನ್ನು ತಲೆಕೆಳಗು ಮಾಡಿ ನೋಡಿ. ತಪ್ಪು ಎದ್ದು ಕಾಣುತ್ತದೆ.

ಕೊನೆಗೆ ನೆರಳು. ಹಿತ್ತಾಳೆಯ ಮೇಲೆ ಬೆಳಕು ಬಿದ್ದಲ್ಲಿ ಒಂದು ಬಿಳಿಯ ಮಚ್ಚೆ ಇರುತ್ತದೆ. ಅಲ್ಲಿ ಪೆನ್ಸಿಲ್ ಮುಟ್ಟಿಸಬೇಡಿ. ಎದುರು ಪಕ್ಕ ಕಪ್ಪಾಗುತ್ತಾ ಹೋಗಿ, ಅಂಚಿನ ಬಳಿ ಮತ್ತೆ ತುಸು ತಿಳಿಯಾಗುತ್ತದೆ. ಅದು ಮೇಜಿನಿಂದ ಹಿಂದಿರುಗಿ ಬಂದ ಬೆಳಕು. ಇಷ್ಟು ಕಂಡರೆ ಚಪ್ಪಟೆ ಹಾಳೆಯ ಮೇಲೆ ಚೆಂಬು ತುಂಬಿಕೊಂಡು ನಿಲ್ಲುತ್ತದೆ.

ಇಂಥ ಸಣ್ಣ ವಸ್ತುವಿಗೆ ಇಷ್ಟು ಶ್ರಮವೇ ಎಂದು ಕೇಳಬಹುದು. ಇಟಲಿಯ ಬೊಲೋನ್ಯಾ ನಗರದ ಜಾರ್ಜಿಯೊ ಮೊರಾಂಡಿ (1890–1964) ಸೀಸೆ, ಹೂಜಿ, ಡಬ್ಬಿಗಳನ್ನೇ ಮತ್ತೆ ಮತ್ತೆ ಬರೆದು ದೊಡ್ಡ ಕಲಾವಿದನೆನಿಸಿದ. ನಮ್ಮ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಕುಣಿಯುವ ದೇಹವನ್ನು ಕೆಲವೇ ಗೆರೆಗಳಲ್ಲಿ ಹಿಡಿದರು. ಅದಕ್ಕಾಗಿ ಅವರು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದ್ದರು. ಆ ಕೆಲವು ಗೆರೆಗಳ ಹಿಂದೆ ಬಹುಕಾಲದ ನೋಟವಿದೆ.

ಮತ್ತೆ ಸಂಪಾಜೆಗೆ ಬರುತ್ತೇನೆ. ಮರುದಿನ ಮಕ್ಕಳು ಮನೆಯ ಚೆಂಬನ್ನು ಬರೆದು ತಂದರು. ಒಬ್ಬಳ ಚಿತ್ರದಲ್ಲಿ ಹೊಟ್ಟೆಯ ಒಂದು ಪಕ್ಕ ಒಳಗೆ ಹೋಗಿತ್ತು. "ಇಲ್ಲಿ ತಪ್ಪಿದೆಯಲ್ಲಮ್ಮ?" ಎಂದೆ. "ತಪ್ಪಲ್ಲ ಸಾರ್, ಅದು ನೆಗ್ಗು. ಅಜ್ಜಿಯ ಕೈಯಿಂದ ಬಾವಿಕಟ್ಟೆಯ ಮೇಲೆ ಬಿದ್ದದ್ದು" ಎಂದಳು. ತಪ್ಪು ನನ್ನದಾಗಿತ್ತು. ಅವಳು ಬರೆದದ್ದು ಪುಸ್ತಕದ ಚೆಂಬನ್ನಲ್ಲ, ಅವಳ ಮನೆಯ ಚೆಂಬನ್ನು.

2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಸಂಪಾಜೆಗೆ ಸಮೀಪದ ಜೋಡುಪಾಲದಲ್ಲಿ ಗುಡ್ಡ ಜರಿಯಿತು. ಜೀವಗಳು ಹೋದವು, ಮನೆಗಳು ಸಾಮಾನು ಸಮೇತ ಮಣ್ಣಿನಡಿ ಸೇರಿದವು. ಪುಸ್ತಕದ ತ್ರಿಕೋನದ ಗುಡ್ಡ ಎಂದೂ ಜರಿಯುವುದಿಲ್ಲ. ನಮ್ಮ ಗುಡ್ಡ ಜರಿಯುತ್ತದೆ. ಆದ್ದರಿಂದಲೇ ನಮ್ಮ ಗುಡ್ಡವನ್ನು, ನಮ್ಮ ಮನೆಯ ಚೆಂಬನ್ನು ಇರುವಾಗಲೇ ಕಣ್ಣು ತುಂಬ ನೋಡಿ ಬರೆದಿಡಬೇಕು.

ಇಂದು ಸಂಜೆ ಅಡುಗೆಮನೆಯಿಂದ ಒಂದು ಚೆಂಬು ಕೇಳಿ ತನ್ನಿ. ಅರ್ಧ ಗಂಟೆ ಅದರ ಎದುರು ಕುಳಿತುಕೊಳ್ಳಿ. ನೆಗ್ಗು ಇದ್ದರೆ ಬಿಡದೆ ಬರೆಯಿರಿ.