ಅಮಾಮಿಯ ಮರಳುವೃತ್ತ



ಪ್ರಾಣಿಶಾಸ್ತ್ರದ ಯಾವುದಾದರೂ ವಿಷಯವನ್ನು ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ಹುಲಿ, ಆನೆಗಳ ಬಗ್ಗೆ ಮಾತಾಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ನಾನು ಅರ್ಧ ಗೇಣುದ್ದದ ಒಂದು ಮೀನನ್ನು ಆರಿಸಿಕೊಂಡಿದ್ದೇನೆ.

ಜಪಾನಿನ ದಕ್ಷಿಣ ತುದಿಯ ಕಡೆ, ಕಗೋಶಿಮಾ ಪ್ರಾಂತಕ್ಕೆ ಸೇರಿದ ಅಮಾಮಿ ಓಶಿಮಾ ಎಂಬ ದ್ವೀಪವಿದೆ. 1995ರ ಸುಮಾರಿಗೆ ಅಲ್ಲಿನ ಕಡಲಿಗೆ ಇಳಿದ ಮುಳುಗುಗಾರರಿಗೆ ತಳದ ಮರಳಿನಲ್ಲಿ ಎರಡು ಮೀಟರ್ ಅಗಲದ ದುಂಡು ರಚನೆಗಳು ಕಂಡವು. ನಡುವಿನಲ್ಲಿ ಸಪಾಟು ಜಾಗ, ಅದರ ಸುತ್ತ ಹೊರಕ್ಕೆ ಹಬ್ಬಿದ ದಿಣ್ಣೆ ಮತ್ತು ತಗ್ಗುಗಳ ಸಾಲು. ಇವನ್ನು ಮಾಡಿದವರು ಯಾರೆಂದು ತಿಳಿಯದೆ ‘ನಿಗೂಢ ವೃತ್ತ’ ಎಂದೇ ಕರೆದರು. ನೀರೊಳಗಿನ ಛಾಯಾಗ್ರಾಹಕ ಯೋಜಿ ಓಕಾತಾ ಮತ್ತು ಸಂಗಡಿಗರ ಕಣ್ಣಿಗೆ ಕುಶಲಕರ್ಮಿ ಬಿದ್ದದ್ದು 2011ರಲ್ಲಿ. ಅದು ಒಂದು ಪುಟ್ಟ ಪಫರ್ ಮೀನು.

ಪಫರ್ ಮೀನಿನ ಕುಟುಂಬ ನಮಗೆ ಹೊಸದಲ್ಲ. ಹೆದರಿದಾಗ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಳ್ಳುವ ಮೀನುಗಳಿವು. ಇವುಗಳಲ್ಲಿ ಹಲವಕ್ಕೆ ಟೆಟ್ರೋಡೋಟಾಕ್ಸಿನ್ ಎಂಬ ಘೋರ ವಿಷವಿದೆ. ನಮ್ಮ ಕರಾವಳಿಯಲ್ಲೂ ಒಂದು ಪಫರ್ ಮೀನು ಬಲೆ ಕಚ್ಚಿ ಹರಿಯುತ್ತದೆ, ಬಲೆಯೊಳಗಿನ ಬೊಂಡಾಸನ್ನು, ಅಂದರೆ ಸ್ಕ್ವಿಡ್ಡನ್ನು, ತಿಂದು ಹಾಳುಮಾಡುತ್ತದೆ. ಬೋಟಿನವರು ಅದಕ್ಕೆ ಶಾಪ ಹಾಕದ ದಿನವಿಲ್ಲ. ಹಾಗಾಗಿ ಈ ವಂಶದ ಮೀನೊಂದು ಹೀಗೆ ಗೂಡು ಕಟ್ಟುತ್ತದೆ ಎಂದರೆ ಮೀನುಗಾರರ ಮನೆಯಲ್ಲಿ ನಂಬುವವರು ಕಡಿಮೆ.

ಅಮಾಮಿಯ ಮೀನು ಹತ್ತರಿಂದ ಹನ್ನೆರಡು ಸೆಂಟಿಮೀಟರ್ ಉದ್ದ. ಕಂದು ಬೆನ್ನಿನ ಮೇಲೆ ಬಿಳಿ ಚುಕ್ಕೆ, ಬೆಳ್ಳಗಿನ ಹೊಟ್ಟೆ. ಮರಳಿನ ಮೇಲೆ ಬಂದು ಕೂತರೆ ಕಣ್ಣು ನೆಟ್ಟು ಹುಡುಕಬೇಕು. ಹತ್ತರಿಂದ ಇಪ್ಪತ್ತೇಳು ಮೀಟರ್ ಆಳದ ತಳದಲ್ಲಿ ಅದರ ಕೆಲಸ. ಗಂಡುಮೀನು ಹೊಟ್ಟೆಯನ್ನು ಮರಳಿಗೆ ಒತ್ತಿ, ಈಜುರೆಕ್ಕೆಗಳನ್ನೂ ಬಾಲವನ್ನೂ ಬಡಿಯುತ್ತಾ ಹೊರಗಿನಿಂದ ನಡುವಿನ ಕಡೆಗೆ ನೇರವಾಗಿ ನುಗ್ಗುತ್ತದೆ. ಹೋದ ದಾರಿಯಲ್ಲಿ ತಗ್ಗು ಬೀಳುತ್ತದೆ, ಎದ್ದ ಮರಳು ಎರಡೂ ಪಕ್ಕಕ್ಕೆ ಸರಿದು ದಿಣ್ಣೆಯಾಗುತ್ತದೆ. ಮತ್ತೆ ಸುತ್ತಿ ಬರುತ್ತದೆ, ಇನ್ನೊಂದು ದಿಕ್ಕಿನಿಂದ ನುಗ್ಗುತ್ತದೆ. ಅಡ್ಡಬಂದ ಕಸವನ್ನು ಬಾಯಲ್ಲಿ ಕಚ್ಚಿ ಹೊರಗೆ ಬಿಸಾಡುತ್ತದೆ. ಏಳರಿಂದ ಒಂಬತ್ತು ದಿನ ಇದೇ ಕಾಯಕ. ಕೊನೆಯ ಹಂತದಲ್ಲಿ ಚಿಪ್ಪಿನ ಚೂರುಗಳನ್ನು ತಂದು ದಿಣ್ಣೆಗಳ ಮೇಲೆ ಇಡುತ್ತದೆ. ನಡುವಿನ ನುಣ್ಣನೆ ಮರಳಿನಲ್ಲಿ ರೆಕ್ಕೆ ಬಡಿದು ಅಂಕುಡೊಂಕು ಗೆರೆಗಳನ್ನು ಎಳೆಯುತ್ತದೆ.

ಚಿತ್ರ ನೋಡಿದ ಕನ್ನಡಿಗರೆಲ್ಲ ‘ಅರೆ, ರಂಗೋಲಿ!’ ಅನ್ನುತ್ತಾರೆ. ಅನ್ನಲಿ. ಆದರೆ ಆ ಮಾತಿಗೆ ನಿಂತುಬಿಟ್ಟರೆ ಅಲ್ಲಿ ನಡೆಯುತ್ತಿರುವ ಮುಖ್ಯ ಕೆಲಸವೇ ತಪ್ಪಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ನೋಡಬೇಕಾದದ್ದು ಚಿತ್ತಾರವನ್ನಲ್ಲ, ಮರಳನ್ನು.

ಹಿರೋಶಿ ಕವಾಸೆ, ಓಕಾತಾ ಮತ್ತು ಕಿಮಿಯಾಕಿ ಇತೊ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರಳಿನ ಕಣಗಳ ಲೆಕ್ಕವಿದೆ. ನೀರಿನ ಸೆಳೆತ ಎತ್ತಲಿಂದ ಬಂದರೂ ಎದುರಿನ ತಗ್ಗುಗಳ ಮೂಲಕ ಒಳಗೆ ಸೇರುತ್ತದೆ. ಬರುವಾಗ ಅಲ್ಲಿನ ನುಣ್ಣನೆ ಕಣಗಳನ್ನು ಹೊತ್ತು ತರುತ್ತದೆ. ಮಾದರಿ ಮಾಡಿ ನೀರು ಹಾಯಿಸಿ ನೋಡಿದಾಗ ನಡುವಿನಲ್ಲಿ ವೇಗ ಸುಮಾರು ಕಾಲುಭಾಗ ಇಳಿದಿತ್ತು. ವೇಗ ತಗ್ಗಿದಲ್ಲಿ ಕಣ ತಳಕ್ಕಿಳಿದು ಕೂರುತ್ತದೆ. ಹೀಗೆ ನುಣುಪು ಮರಳು ನಡುವೆ ಸೇರುತ್ತದೆ. ಮೊಟ್ಟೆ ಇಡುವುದು ಅದೇ ಜಾಗದಲ್ಲಿ. ಹೆಣ್ಣು ಸಂಗಾತಿಯನ್ನು ಆರಿಸುವಾಗ ಈ ನುಣುಪೇ ನಿರ್ಣಾಯಕವಾಗಿರಬಹುದು ಎಂದು ಅವರು ಊಹಿಸಿದ್ದಾರೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ರುಚಿಯೆನಿಸಿತು. ಗಂಡು ಒಂದು ವೃತ್ತವನ್ನು ಎರಡನೇ ಸಲ ಬಳಸುವುದಿಲ್ಲ. ಅಷ್ಟು ದುಡಿದು ಕಟ್ಟಿದ್ದನ್ನು ಯಾಕೆ ಬಿಡಬೇಕು? ಒಮ್ಮೆ ತಗ್ಗುಗಳಲ್ಲಿದ್ದ ನುಣ್ಣನೆ ಮರಳು ಖರ್ಚಾದರೆ ಹಳೆಯ ಜಾಗದಲ್ಲಿ ಸಾಕಷ್ಟು ಉಳಿದಿರುವುದಿಲ್ಲ ಎಂಬುದು ಸಂಶೋಧಕರು ಕೊಟ್ಟ ಕಾರಣ. ಸೌಂದರ್ಯವಷ್ಟೇ ಮುಖ್ಯವಾಗಿದ್ದರೆ ಹಳೆಯದನ್ನೇ ತಿದ್ದಿ ತೀಡಬಹುದಿತ್ತಲ್ಲ.

ಮುಂಜಾನೆ ಹೆಣ್ಣು ಬರುತ್ತದೆ. ಗಂಡು ನಡುವಿನ ಮರಳನ್ನು ಕದಡಿ ಎಬ್ಬಿಸುತ್ತದೆ. ಒಪ್ಪಿಗೆಯಾದರೆ ಹೆಣ್ಣು ತಳಕ್ಕಿಳಿಯುತ್ತದೆ, ಗಂಡು ಅದರ ಎಡಗೆನ್ನೆಯನ್ನು ಕಚ್ಚಿ ಹಿಡಿಯುತ್ತದೆ, ಮೊಟ್ಟೆ ಬೀಳುತ್ತದೆ. ಹೆಣ್ಣು ಅಲ್ಲಿಂದ ಹೊರಟುಬಿಡುತ್ತದೆ. ಮರಿ ಹೊರಬರುವ ತನಕ, ಸುಮಾರು ಆರು ದಿನ, ಕಾವಲು ಅಪ್ಪನದು. ಆಗ ದಿಣ್ಣೆಗಳ ರಿಪೇರಿ ಬಂದ್. ನೀರು ಬಂದಂತೆ ಅವು ಸವೆಯುತ್ತವೆ.

ಈ ಅಳತೆಯೆಲ್ಲ ಆ ಚಿಕ್ಕ ತಲೆಯೊಳಗೆ ನಕ್ಷೆಯಾಗಿ ಇದೆಯೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇರಬೇಕಾಗಿಲ್ಲ. ತಗ್ಗಿದ ಜಾಗದಿಂದ ಅಗೆಯಲು ಶುರುಮಾಡು, ಒಳಗೆ ನುಗ್ಗು ಎಂಬಂಥ ಸರಳ ನಿಯಮಗಳನ್ನು ಕಂಪ್ಯೂಟರಿಗೆ ಕೊಟ್ಟಾಗ ಹೆಚ್ಚುಕಡಿಮೆ ಇಂಥದೇ ವೃತ್ತ ಮೂಡಿದ್ದನ್ನು 2018ರ ಒಂದು ಅಧ್ಯಯನ ತೋರಿಸಿತು. ಇದನ್ನು ಕೇಳಿ ಕೆಲವರಿಗೆ ನಿರಾಸೆಯಾಗುತ್ತದೆ. ನನಗೆ ಆಗಲಿಲ್ಲ.

ಮೀನಿಗೆ ಹೆಸರು ಬಂದದ್ದು ತಡವಾಗಿ. ಕೈಚಳಕದ ಚಿತ್ರಗಳು ಜಗತ್ತು ಸುತ್ತಿದ ಮೇಲೆ, 2014ರಲ್ಲಿ, ಕೆಇಚಿ ಮತ್ಸುಉರಾ ಅದನ್ನು ಟಾರ್ಕ್ವಿಜೆನರ್ ಆಲ್ಬೊಮ್ಯಾಕುಲೋಸಸ್ ಎಂಬ ಹೊಸ ಪ್ರಭೇದವೆಂದು ವರ್ಣಿಸಿದರು. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಮೀನಿನ ಗತಿ ಸಾಮಾನ್ಯವಾಗಿ ಹೀಗೆಯೇ. ಮರುವರ್ಷ ಹೊಸ ಪ್ರಭೇದಗಳ ಅಂತರರಾಷ್ಟ್ರೀಯ ‘ಮೊದಲ ಹತ್ತು’ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಇಂಥ ವೃತ್ತ ಅಮಾಮಿಯ ಸುತ್ತಮುತ್ತ ಮಾತ್ರ ಎಂದು ನಂಬಿದ್ದೆವು. 2020ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ವಾಯವ್ಯ ಕರಾವಳಿಯಿಂದ ಒಂದು ವರದಿ ಬಂತು. ಕಡಲತಳದ ಸಮೀಕ್ಷೆಗೆ ಇಳಿಸಿದ ಯಂತ್ರನೌಕೆಯ ಚಿತ್ರಗಳಲ್ಲಿ ಅದೇ ಬಗೆಯ ವೃತ್ತಗಳು ಸಿಕ್ಕಿದ್ದವು. ಅದೂ ನೂರು ಮೀಟರಿಗಿಂತ ಆಳದಲ್ಲಿ, ಮುಳುಗುಗಾರರು ಸಾಧಾರಣವಾಗಿ ಇಳಿಯದ ಕಡೆ. ಒಂದು ವೃತ್ತದ ಹತ್ತಿರ ಇಟ್ಟ ಕ್ಯಾಮೆರಾದಲ್ಲಿ ಸಣ್ಣ ಪಫರ್ ಮೀನೊಂದು ಸುಳಿದುಹೋಯಿತು. ಅಮಾಮಿಯದ್ದೇ ಪ್ರಭೇದವೋ, ಅದರ ದಾಯಾದಿಯೋ ಎಂದು ತೀರ್ಮಾನಿಸಲು ಆ ಚಿತ್ರ ಸಾಲದು. ಅದಕ್ಕೆ ಅಲ್ಲಿಂದ ಒಂದು ಮೀನನ್ನು ಮೇಲೆ ತರಬೇಕು.