ತುಂಬಿ ಹುರಿದ ಬಾತುಕೋಳಿ

ಇಡೀ ಬಾತುಕೋಳಿ ಹುರಿಯಬೇಕೆಂದೊಡನೆ ದೊಡ್ಡ ಓವನ್ ನೆನಪಾಗುವುದು ಸಹಜ. ಮಲಬಾರಿನ ಮಾಪಿಳ್ಳೆಗಳ ಅಡುಗೆಮನೆಗೆ ದಪ್ಪ ತಳದ ಪಾತ್ರೆಯೊಂದೇ ಸಾಕು. ಹಕ್ಕಿಯ ಹೊಟ್ಟೆಗೆ ಮಸಾಲೆ, ಮೊಟ್ಟೆ ತುಂಬಿ ಮಾಡುವ ಈ ಅಡುಗೆಗೆ ಅಲ್ಲಿ 'ನಿರಚ್ಚದು' ಎಂದೇ ಹೆಸರು, ತುಂಬಿದ್ದು ಎಂದರ್ಥ. ಕೋಳಿಯದು ಹೆಚ್ಚು ಪ್ರಸಿದ್ಧ. ಬಾತಾದರೋ ಕೋಳಿಗಿಂತ ಹಟಮಾರಿ.

ಹಟಕ್ಕೆ ಕಾರಣ ಚರ್ಮದಡಿಯ ಕೊಬ್ಬು. ಅವಸರದಲ್ಲಿ ಹುರಿದರೆ ಮೇಲೆ ಕರಕಲು, ಒಳಗೆ ರಬ್ಬರು. ಆದ್ದರಿಂದ ಮಾಂಸಕ್ಕೆ ತಾಗದಂತೆ ಚರ್ಮವನ್ನಷ್ಟೇ ಅಲ್ಲಲ್ಲಿ ಚುಚ್ಚಿ, ಮೆಣಸಿನಪುಡಿ, ಅರಿಸಿನ, ಉಪ್ಪು ಸವರಿಡಬೇಕು. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಗರಂ ಮಸಾಲೆ ಬಾಡಿಸಿ, ಬೇಯಿಸಿದ ಮೊಟ್ಟೆಯೊಡನೆ ಹೊಟ್ಟೆಗೆ ತುಂಬಿ ದಾರದಿಂದ ಹೊಲಿಯುವುದು. ನೋಡಿ, ಗಿಡಿದು ತುಂಬಬಾರದು. ಹಸಿ ಮಾಂಸದ ರಸ ಹೀರಿದ ಹೂರಣ ಅರೆಬೆಂದರೆ ಉಂಡವರ ಹೊಟ್ಟೆ ಕೆಟ್ಟೀತು. ಅದರ ನಡುವಿಗೂ 74 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಲೇಬೇಕು.

ಸ್ವಲ್ಪ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಿ. ಬಲಿತ ಬಾತಾದರೆ ಇನ್ನೂ ಹೊತ್ತು. ನೀರು ಇಂಗಿದ ಮೇಲೆ ತಳದಲ್ಲಿ ಉಳಿಯುವುದು ಬಾತಿನದೇ ಕೊಬ್ಬು. ಹೆಚ್ಚಿನದನ್ನು ಬಸಿದು, ಉಳಿದುದರಲ್ಲೇ ಹೊರಳಿಸುತ್ತ ಕೆಂಪಗೆ ಹುರಿದರಾಯಿತು. ಕೋಳಿಗೆ ತುಪ್ಪ ಸುರಿಯುವವರುಂಟು. ಬಾತಿಗೆ ಅದು ದುಂದು. ಬಸಿದ ಕೊಬ್ಬಿನಲ್ಲಿ ಮರುದಿನ ಆಲೂಗೆಡ್ಡೆ ಹುರಿಯಬಹುದು.